ಭೈರನಿಗೊಂದು ಹಾರುವ ತಟ್ಟೆ

ಮೊದಲಿಗೆ ವಿಘ್ನೇಶ್ವರನಿಗೆ ಕೈಮುಗಿದು, ನಮ್ಮ ದಿಕ್ಕನ್ನು ಕಾಯುವ ಬನಶಂಕರಿ ಅಮ್ಮನಿಗೆ ಅಡ್ಡಬಿದ್ದು, ನಾಲ್ಕು ನಾಯಿಗಳನ್ನು ಕಾಲ ಬುಡದಲ್ಲೇ ಇಟ್ಟುಕೊಂಡ ದತ್ತಾತ್ರೇಯನನ್ನೂ ನಾಯಿಯನ್ನೇ ವಾಹನ ಮಾಡಿಕೊಂಡ ಭೈರವನನ್ನೂ ನೆನೆದು ಇದನ್ನು ಬರೆಯುತ್ತೇನೆ. ದೇವರೇ ನಾಯಿ ಸಾಕಿರುವಾಗ ನಾವು ಸಾಕಿದ್ದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ದೇವರ ನಾಯಿಗಳು ಪಟದಲ್ಲಿ ನಿಲ್ಲಿಸಿದ ಕಡೆ ನಿಂತಿರುತ್ತವೆ. ಮಡಿ ಮಾಡುವ ಮನೆಯಲ್ಲಿ ನಿಜವಾದ ನಾಯಿಯೊಂದಿದ್ದರೆ ಬೆಳಗಾದರೆ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ಆಗ ಜಯನಗರ ಇನ್ನೂ ಹೊಸದು. ಅರವತ್ತರ ದಶಕ ಶುರುವಾಗಿತ್ತು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮನೆಯಲ್ಲಿ ನಾನು, ಸರ್ಕಾರಿ ಕಚೇರಿಗೆ ಹೋಗುವ ನಮ್ಮನೆಯವರು, ಮತ್ತು ಅತ್ತೆಯವರು. ಹಿತ್ತಲಲ್ಲಿ ಭೈರ.

ಪ್ರಸಾದದ ಮೈ

ಭೈರ ಬಂದದ್ದು ಆಂಜನೇಯನ ಗುಡಿಯಿಂದ. ಒಂದು ಶನಿವಾರ ಪುಳಿಯೋಗರೆಯ ದೊನ್ನೆ ಹಿಡಿದು ಬರುತ್ತಿದ್ದ ನಮ್ಮನೆಯವರ ಹಿಂದೆ ಬಂದ ಕರೀ ಮರಿ, ದೊನ್ನೆ ಖಾಲಿಯಾದ ಮೇಲೂ ಹೋಗಲಿಲ್ಲ. ಅತ್ತೆಯವರು ಹಿತ್ತಲ ಬಾಗಿಲ ಹೊಸ್ತಿಲನ್ನು ತೋರಿಸಿ, ಇದನ್ನು ದಾಟಿ ನಿನ್ನ ಉಗುರೂ ಒಳಗೆ ಬರಕೂಡದು ಎಂದು ಮರಿಗೇ ಹೇಳಿದರು. ಅವನು ಯಾವತ್ತೂ ದಾಟಲಿಲ್ಲ. ದಾಟುವ ಅಗತ್ಯವೂ ಅವನಿಗಿರಲಿಲ್ಲ, ಎಲ್ಲವೂ ಅವನಿದ್ದಲ್ಲಿಗೇ ಬರುತ್ತಿತ್ತು. ಶನಿವಾರ ಪುಳಿಯೋಗರೆ, ಶುಕ್ರವಾರ ಹೆಸರುಬೇಳೆ ಪಾಯಸ, ಧನುರ್ಮಾಸವಿಡೀ ಹುಗ್ಗಿ. ಬೀದಿಯ ಒಂದೊಂದು ಮನೆಯಲ್ಲೂ ಒಂದೊಂದು ವ್ರತ. ಎಲ್ಲ ವ್ರತಗಳ ಕೊನೆಯ ತುತ್ತೂ 'ಪಾಪ, ಭೈರನಿಗೆ'.

ಹೀಗಾಗಿ ನಿಂತರೂ ಮಲಗಿದರೂ ಒಂದೇ ಎತ್ತರ ಕಾಣುವಷ್ಟು ಅವನು ದುಂಡಗಾದ. ಒಂದು ದಿನ ಹಿತ್ತಲ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತಾ ಕುಳಿತುಬಿಟ್ಟ. ನಾನು ಹೆದರಿ, ನಮ್ಮನೆಯವರನ್ನು ಹೊರಡಿಸಿಕೊಂಡು ಜಟಕಾದಲ್ಲಿ ಅವನನ್ನು ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಇವನು ಏನು ತಿನ್ನುತ್ತಾನೆ ಎಂದರು. ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರು ಕುರ್ಚಿಯ ಮೇಲೆ ಕುಳಿತಿದ್ದರು.

"ಹೃದಯದ ಸುತ್ತ ಕೊಬ್ಬು ಕಟ್ಟಿದೆ ಅಮ್ಮಾ. ದಿನಾ ಓಡಿಸಿ. ಓಡಿಸ್ಲಿಲ್ಲ ಅಂದ್ರೆ ಮುಂದಿನ ಧನುರ್ಮಾಸಕ್ಕೆ ಇವನು ಇರಲ್ಲ."

ನನ್ನ ಕಣ್ಣಲ್ಲಿ ನೀರು ಬಂತು. ಪ್ರಸಾದವನ್ನಂತೂ ಇವತ್ತಿನಿಂದಲೇ ನಿಲ್ಲಿಸಬೇಕು, ಒಂದು ಅಗುಳೂ ಕೂಡದು ಎಂದು ಡಾಕ್ಟರು ಗದರಿದರು. ದಾರಿಯಲ್ಲಿ ಗುಡಿಗೆ ಹೋಗಿ ಬಂದಿದ್ದರಿಂದ ನನ್ನ ಚೀಲದಲ್ಲಿ ಸಿಹಿ ಪೊಂಗಲಿತ್ತು. ಡಾಕ್ಟರಿಗೆ ಕೊಟ್ಟೆ. ಅವರು ಕಣ್ಣಿಗೊತ್ತಿಕೊಂಡು ಅರ್ಧ ತಿಂದರು. ಕೊಬ್ಬಿನ ಅಪಾಯವನ್ನು ನಮಗೆ ವಿವರಿಸುತ್ತಲೇ ಉಳಿದರ್ಧವನ್ನು ಭೈರನ ಮುಂದೆ ಹಾಕಿದರು.

ಎಲೆಯ ಹಿಂದೆ

ಓಡಿಸಿ ಎಂದು ಹೇಳುವುದು ಸುಲಭ. ನಮ್ಮನೆಯವರು ಒಂದು ರಬ್ಬರು ಚೆಂಡು ತಂದು ಖಾಲಿ ಸೈಟಿನಲ್ಲಿ ಎಸೆದರು. ಭೈರ ಚೆಂಡನ್ನು ನೋಡಿದ, ಇವರನ್ನು ನೋಡಿದ, ಎಸೆದವರೇ ತಂದುಕೊಳ್ಳಲಿ ಎನ್ನುವ ಹಾಗೆ ಮಲಗಿದ. ಇವರೇ ಓಡಿ ತಂದರು. ಮತ್ತೆ ಎಸೆದರು, ಮತ್ತೆ ಓಡಿದರು. ತಿಂಗಳೊಪ್ಪತ್ತಿನಲ್ಲಿ ಇವರ ಷರಾಯಿ ಸಡಿಲವಾಯಿತು. ಭೈರ ಇದ್ದ ಹಾಗೇ ಇದ್ದ.

ಶ್ರಾವಣದಲ್ಲಿ ಎದುರು ಮನೆಯವರ ಗೃಹಪ್ರವೇಶವಾಯಿತು. ಊಟವಾದ ಮೇಲೆ ಮುತ್ತುಗದ ಎಲೆಗಳನ್ನೆಲ್ಲ ಪಕ್ಕದ ಸೈಟಿನಲ್ಲಿ ಹಾಕಿದ್ದರು. ಗಾಳಿ ಬೀಸಿತು ನೋಡಿ, ದುಂಡನೆಯ ಎಲೆಯೊಂದು ಮೇಲೆದ್ದು ಗಿರಗಿರನೆ ತಿರುಗುತ್ತಾ ಹೊರಟಿತು. ಭೈರ ಕಿವಿ ನಿಮಿರಿಸಿದ. ಎದ್ದ. ಅವನು ಹುಟ್ಟಿದಾಗಿನಿಂದ ಕಂಡಿದ್ದು ಒಂದೇ ಸತ್ಯ, ದುಂಡಗಿರುವುದರ ಮೇಲೆ ಪಾಯಸವಿರುತ್ತದೆ. ಅಂಥ ಪಾಯಸ ಹಾರಿಹೋಗುವುದನ್ನು ನೋಡುತ್ತಾ ಕೂರಲು ಅವನಿಗೆ ಮನಸ್ಸಾಗಲಿಲ್ಲ. ಸುದ್ದಗುಂಟೆಪಾಳ್ಯದ ಹೊಲದ ಬದುವಿನವರೆಗೂ ಅಟ್ಟಿಸಿಕೊಂಡು ಹೋಗಿ, ನೆಗೆದು ಹಿಡಿದು, ಎಲೆಯನ್ನು ನನ್ನ ಮುಂದೆ ತಂದು ಹಾಕಿ, ಬಡಿಸು ಎನ್ನುವ ಹಾಗೆ ಕುಳಿತ.

ಭಗವಂತ ದಾರಿ ತೋರಿಸುವುದು ಹೀಗೆ. ಮಾರನೆಯ ದಿನವೇ ಒಂದು ಕಟ್ಟು ಎಲೆ ತರಿಸಿ ಎಸೆದೆ. ಓಡಿದ, ಹಿಡಿದ, ತಂದ. ಆದರೆ ಒಂದು ಸಲ ಬಾಯಿಗೆ ಸಿಕ್ಕ ಎಲೆ ಇನ್ನೊಂದು ಸಲ ಹಾರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಸಂಜೆಯಾಗುವುದರೊಳಗೆ ಕಟ್ಟು ಚೂರಾಗಿ ಸೈಟಿನ ತುಂಬ ಹರಡಿತ್ತು. ನಮ್ಮನೆಯವರು ಅದನ್ನು ನೋಡಿ, "ಇವನು ಬದುಕಬೇಕು ಅಂದ್ರೆ ದಿನಾ ಬೆಳಿಗ್ಗೆ ನಾವೊಂದು ಗೃಹಪ್ರವೇಶ ಇಟ್ಕೋಬೇಕು ಕಣೆ" ಎಂದರು.

ಹಲ್ಲಿಗೆ ಗ್ಯಾರಂಟಿ

ಹಾರಬೇಕು, ದುಂಡಗಿರಬೇಕು, ಹಲ್ಲಿಗೆ ಜಗ್ಗಬಾರದು. ಮೊದಲು ಬಿದಿರು ಬುಟ್ಟಿಯ ಮುಚ್ಚಳ ಎಸೆದೆವು. ಭೈರ ಅದನ್ನು ತಂದಾಗ ಮುಚ್ಚಳಕ್ಕಿಂತ ಅವನ ಬಾಯಲ್ಲೇ ಬಿದಿರು ಹೆಚ್ಚಾಗಿತ್ತು. ಸರಿ, ಗಾಂಧಿಬಜಾರಿನ ಪಾತ್ರೆ ಅಂಗಡಿಗೆ ಹೋದೆ.

ಅಂಗಡಿಯವರು ಯಾವ ಅಳತೆಯ ಪಾತ್ರೆಗೆ ಮುಚ್ಚಳ ಎಂದು ಕೇಳಿದರು. ಪಾತ್ರೆಗಲ್ಲ ಎಂದೆ. ಒಂದೊಂದನ್ನೇ ಕೈಗೆತ್ತಿಕೊಂಡು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದೆ. ಹಿತ್ತಾಳೆಯದು ಭಾರ. ತಾಮ್ರದ್ದು ದೇವರ ಲೋಹ, ಅದನ್ನು ನಾಯಿಗೆ ಎಸೆಯಲು ಮನಸ್ಸೊಪ್ಪಲಿಲ್ಲ. ಅಲ್ಯೂಮಿನಿಯಂ ಹಗುರ, ಆದರೆ ಗಟ್ಟಿ ಇದೆಯೋ ಇಲ್ಲವೋ. ಕೊನೆಗೆ ಅಂಗಡಿಯವರು ತಾಳ್ಮೆಗೆಟ್ಟು, ನಿಮಗೆ ನಿಜವಾಗಿ ಬೇಕಾದ್ದೇನಮ್ಮಾ ಎಂದರು. ಅಂಗಡಿ ತುಂಬ ಜನ. ಆದರೂ ಸುಳ್ಳು ಹೇಳುವುದು ನನ್ನಿಂದಾಗದು. ನಾಯಿ ಕಚ್ಚಿದರೂ ಹಾಳಾಗದ ಮುಚ್ಚಳ ಬೇಕು ಎಂದೆ.

ಅವರು "ಬೆಂಕಿಗೆ ಗ್ಯಾರಂಟಿ ಕೊಡ್ತೀನಿ, ಹುಣಸೆಹುಳಿಗೆ ಕೊಡ್ತೀನಿ. ಹಲ್ಲಿಗೆ ಕೊಡಲ್ಲ ತಾಯಿ" ಎಂದು, ದಪ್ಪನೆಯ ಅಲ್ಯೂಮಿನಿಯಂ ಮುಚ್ಚಳವೊಂದನ್ನು ಒಳಗಿಂದ ತಂದು ಕೊಟ್ಟರು. ಪಕ್ಕದಲ್ಲಿದ್ದ ಹೆಂಗಸು ಅಷ್ಟು ಹೊತ್ತೂ ಕೇಳಿಸಿಕೊಳ್ಳುತ್ತಿದ್ದವರು ಮುಂದೆ ಬಂದು, "ನಮ್ಮನೇಲಿ ನಾಯಿ ಇಲ್ಲ, ಗಂಡುಮಕ್ಕಳಿದ್ದಾರೆ. ನನಗೂ ಅದೇ ಕೊಡಿ" ಎಂದರು.

ಆಕಾಶದಲ್ಲಿ ಕಂಡದ್ದು

ಅಲ್ಯೂಮಿನಿಯಂ ಮುಚ್ಚಳ ಎಳೆ ಬಿಸಿಲಿನಲ್ಲಿ ಹಾರಿದರೆ ಕಣ್ಣು ಕೋರೈಸುವಂತಿತ್ತು. ಭೈರ ಅದರ ಹಿಂದೆ ಸೈಟಿನಿಂದ ಸೈಟಿಗೆ ಓಡುತ್ತಿದ್ದ. ದಿನೇ ದಿನೇ ಉಸಿರು ಹಗುರವಾಯಿತು, ಅವನಿಗೊಂದು ಸೊಂಟವಿದೆ ಎಂದು ನಮಗೆ ಗೊತ್ತಾಯಿತು.

ಹಿಂದಿನ ಬೀದಿಯಲ್ಲಿ ನಿವೃತ್ತರಾದ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ಪರದೇಶಗಳಲ್ಲಿ ಜನರು ಆಕಾಶದಲ್ಲಿ ಹಾರುವ ತಟ್ಟೆಗಳನ್ನು ಕಂಡರಂತೆ ಎಂಬ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲವದು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಮೇಷ್ಟ್ರ ಸುತ್ತ ಜನ ಸೇರಿದ್ದರು. ತಮ್ಮ ಮಹಡಿಯಿಂದ ಅಂಥದ್ದೊಂದನ್ನು ಕಣ್ಣಾರೆ ಕಂಡದ್ದಾಗಿ ಅವರು ಹೇಳುತ್ತಿದ್ದರು. ಬೆಳ್ಳಿಯ ಬಣ್ಣ, ತಿರುಗುತ್ತಿತ್ತು, ಕಾಂಪೌಂಡಿನ ಮೇಲೆ ಒಂದು ಕ್ಷಣ ತಡೆದು ಫಕ್ಕನೆ ಮಾಯವಾಯಿತು. ಬೇರೆ ಲೋಕದವರು ಜಯನಗರವನ್ನೇ ಆರಿಸಿಕೊಂಡಿದ್ದು ಇಲ್ಲಿನ ರಸ್ತೆಗಳು ನೇರವಾಗಿರುವುದರಿಂದ ಎಂದೂ ವಿವರಿಸಿದರು.

ಬೆಳಿಗ್ಗೆ ಎದ್ದು ದೇವರ ಮುಖ ನೋಡಿ ಬಂದವಳು ನಾನು, ಸುಮ್ಮನಿರಲಾಗಲಿಲ್ಲ. ಮನೆಗೆ ಹೋಗಿ ಮುಚ್ಚಳ ತಂದು ಅವರ ಕೈಗಿಟ್ಟೆ, ಮೇಷ್ಟ್ರೇ, ನೀವು ಕಂಡದ್ದು ಇದನ್ನೇ ಎಂದೆ. ಅವರು ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಚಿನ ಸುತ್ತ ಭೈರನ ಹಲ್ಲಿನ ಗುರುತುಗಳನ್ನು ಬೆರಳಿನಿಂದ ಮುಟ್ಟಿದರು.

"ಹಾಗಾದ್ರೆ ಅದರೊಳಗೆ ಕೂತು ಬಂದೋರಿಗೆ ಹಲ್ಲೂ ಇದೆ ಅಂತಾಯ್ತು" ಎಂದರು.

ಬೇಟೆಯೋ ಎಂಜಲೋ

ರುಚಿ ಹತ್ತಿದ ಮೇಲೆ ಭೈರನಿಗೆ ಹೊತ್ತುಗೊತ್ತು ಇಲ್ಲದಾಯಿತು. ನಾನು ಸ್ನಾನ ಮಾಡಿ ಮಡಿಯುಟ್ಟು ಹಿತ್ತಲ ತೊಟ್ಟಿಯಿಂದ ನೀರು ಮೊಗೆಯುತ್ತಿದ್ದರೆ ಹಿಂದಿನಿಂದ ಬಂದು ಮುಚ್ಚಳವನ್ನು ನನ್ನ ಪಾದದ ಮೇಲಿಡುವನು. ನಾಯಿ ಬಾಯಿಯ ಎಂಜಲು ತಾಕಿತಲ್ಲ, ಮತ್ತೆ ಸ್ನಾನ. ಸ್ನಾನ ಮಾಡಿ ಬಂದರೆ ಅವನು ಅಲ್ಲೇ ಬಾಲ ಆಡಿಸುತ್ತಾ ಕಾದಿರುವನು. ನನಗೆ ನೆಗಡಿ ಹಿಡಿಯಿತು. ಒಲೆ ಹೊತ್ತುವುದು ತಡವಾಗಿ, ಕಾಫಿ ತಡವಾಗಿ, ನಮ್ಮನೆಯವರು ಕಚೇರಿಗೆ ತಡವಾಗಿ ಹೋದರು.

ಅತ್ತೆಯವರು ಕೂಗಾಡುವವರಲ್ಲ. ಒಂದು ಸಂಜೆ ಹೂಬತ್ತಿ ಹೊಸೆಯುತ್ತಾ, ನಮಗೆ ಹಾಲು ಕೊಡುವವನು ಇಟ್ಟಮಡುವಿನ ತನ್ನ ಕೊಟ್ಟಿಗೆಗೆ ಒಂದು ನಾಯಿ ಕೇಳುತ್ತಿದ್ದಾನೆ, ಭೈರನನ್ನು ಕೊಟ್ಟುಬಿಡೋಣ ಎಂದರು. ಅಲ್ಲಿ ಕಟ್ಟಿಹಾಕಿದರೆ ಅವನನ್ನು ಓಡಿಸುವವರು ಯಾರು? ಡಾಕ್ಟರ ಮಾತು ಕಿವಿಯಲ್ಲೇ ಇತ್ತು.

ನಮ್ಮ ಪುರೋಹಿತರನ್ನು ಒಂದು ಮಾತು ಕೇಳೋಣ ಎಂದು ಬೇಡಿಕೊಂಡೆ. ಅವರು ಬಂದು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿದರು. ಬೇಟೆಯಾಡುವಾಗ ನಾಯಿಯ ಬಾಯಿ ಶುದ್ಧ ಎಂದು ಹಿರಿಯರು ಹೇಳಿದ್ದಾರೆ ಎಂದರು. ಮುಚ್ಚಳ ಬೇಟೆ ಹೇಗಾಗುತ್ತದೆ ಎಂದು ಅತ್ತೆಯವರು ಬಿಡಲಿಲ್ಲ. ಪುರೋಹಿತರು ಕಣ್ಣುಮುಚ್ಚಿ ಯೋಚಿಸಿದರು.

"ಹಾರ್ತಾ ಇರೋದನ್ನ ಹಿಡಿದ್ರೆ ಅದು ಬೇಟೆ, ದೋಷ ಇಲ್ಲ. ನೆಲಕ್ಕೆ ಬಿದ್ದಿದ್ದನ್ನ ಕಚ್ಕೊಂಡು ಬಂದ್ರೆ ಎಂಜಲು, ಸ್ನಾನ."

ಅಂದಿನಿಂದ ಅತ್ತೆಯವರು ಜಪಮಣಿ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರತೊಡಗಿದರು. ನಾನು ಎಸೆಯುವುದು, ಭೈರ ನೆಗೆಯುವುದು, ಅವರು ಮಣಿ ನಿಲ್ಲಿಸಿ 'ಬೇಟೆ' ಅಥವಾ 'ಎಂಜಲು' ಎನ್ನುವುದು. ತೀರ್ಪು ಕೇಳಿದ ಮೇಲೆ ಮುಚ್ಚಳವನ್ನು ಅವರ ಕಾಲ ಬುಡದಲ್ಲಿ ಇಡುವುದನ್ನೂ ಭೈರ ಕಲಿತ. ಕಿಟಕಿಯ ಹಿಂದೆ ನಮ್ಮನೆಯವರು ಕಣ್ಮುಚ್ಚಿ ಕೈಮುಗಿದು ನಿಂತಿರುವುದನ್ನು ಒಂದು ದಿನ ಕಂಡೆ. ಇಷ್ಟು ಭಕ್ತಿಯಿಂದ ಏನು ಬೇಡಿಕೊಂಡಿರಿ ಎಂದು ಆಮೇಲೆ ಕೇಳಿದೆ.

"ಕಾಫಿ ಹೊತ್ತಾಗ್ತಾ ಇತ್ತು. ನೀನು ನೇರವಾಗಿ ಎಸೀಲಿ ಅಂತ."

ಪಟ್ಟೆ ಸೀರೆಯ ಗಟ್ಟಿತನ

ಹಲ್ಲು ನಾಟಿ ನಾಟಿ ಮುಚ್ಚಳದ ಅಂಚು ಕಾಯಿ ತುರಿಯುವ ಮಣೆಯಂತಾಯಿತು. ಭೈರನ ವಸಡಿನಲ್ಲಿ ರಕ್ತ ಬಂತು. ಅವನು ಗಾಳಿಯಲ್ಲಿ ಹಿಡಿಯಲು ಅಂಜಿ, ಬಿದ್ದ ಮೇಲೆ ಮೆಲ್ಲಗೆ ಎತ್ತಿಕೊಳ್ಳತೊಡಗಿದ. ಕಲ್ಲಿನ ಮೇಲಿಂದ ಬರೀ ಎಂಜಲು, ಎಂಜಲು ಎಂದೇ ಕೇಳಿಬರುತ್ತಿತ್ತು. ಹಲ್ಲಿಗೆ ಮೆತ್ತಗಿರಬೇಕು, ಆದರೆ ಹರಿಯಬಾರದು. ನಮ್ಮನೆಯವರು ಸೈಕಲ್ ಟೈರು ಕತ್ತರಿಸಿ ತಂದರು. ಭೈರ ಮೂಸಿ ಮುಖ ತಿರುಗಿಸಿದ. ಗೋಣಿ ಹೊಲಿದು ಎಸೆದೆ. ಇಬ್ಬನಿಯಲ್ಲಿ ನೆನೆದು ಅದು ಸತ್ತ ಇಲಿಯ ಹಾಗೆ ಬಿತ್ತು.

ಜಪ ಮೇಲಿಂದ ಮೇಲೆ ಮುರಿಯುವುದನ್ನು ಸಹಿಸಲಾರದೆ ಅತ್ತೆಯವರೇ ಒಂದು ದಿನ ಒಳಗೆ ಹೋಗಿ ಪೆಟ್ಟಿಗೆ ತೆಗೆದರು. ಸೆರಗು ಸವೆದುಹೋಗಿದ್ದ ತಮ್ಮ ಹಳೆಯ ಮಡಿ ಸೀರೆ, ಅಪ್ಪಟ ರೇಷ್ಮೆಯ ಪಟ್ಟೆ, ತಂದು ನನ್ನ ಮಡಿಲಿಗೆ ಹಾಕಿದರು. ಪಟ್ಟೆಗೆ ಸುಲಭವಾಗಿ ಮೈಲಿಗೆ ಅಂಟುವುದಿಲ್ಲ, ಕೆಳಗೆ ಬಿದ್ದರೂ ನೀರು ಚಿಮುಕಿಸಿದರೆ ಸಾಕು, ಇದನ್ನು ಸುತ್ತು ಎಂದರು. ಒಡೆದ ಬೆತ್ತದ ಬುಟ್ಟಿಯ ಬಾಯಿಯ ಸುತ್ತನ್ನು ಬಿಡಿಸಿಕೊಂಡು, ಅದಕ್ಕೆ ಸೀರೆಯನ್ನು ಪಟ್ಟಿಪಟ್ಟಿಯಾಗಿ ಸೀಳಿ ಬಿಗಿದು ಸುತ್ತಿದೆ. ಕೊಡ ಹೊರುವವರು ತಲೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ ಸಿಂಬೆ, ನೋಡಲು ಥೇಟ್ ಅದೇ, ಸ್ವಲ್ಪ ಅಗಲ. ಎಸೆದರೆ ಗರುಡನಂತೆ ಹೋಯಿತು. ಭೈರ ನೆಗೆದು ಹಿಡಿದ. ಎಳೆದ, ಜಗ್ಗಿದ, ರಾತ್ರಿಯಿಡೀ ಅಗಿದ. ಒಂದೆಳೆ ಬಿಡಲಿಲ್ಲ. ದಿನ ಕಳೆದ ಹಾಗೆ ಅವನೇ ಸೋತು, ಹೂವನ್ನು ಹಿಡಿಯುವ ಹಾಗೆ ಮೆಲ್ಲಗೆ ಹಿಡಿದು ತರುವುದನ್ನು ರೂಢಿಮಾಡಿಕೊಂಡ.

ಇದು ಬೀದಿಯ ಹೆಂಗಸರ ಬಾಯಿಗೆ ಬಿತ್ತು. ಮಗಳ ಮದುವೆಗೆ ಜವಳಿ ತೆಗೆಯಲು ಚಿಕ್ಕಪೇಟೆಗೆ ಹೋದ ಎದುರು ಮನೆಯಾಕೆ, ನಾಯಿ ಕಚ್ಚಿದರೂ ಹರಿಯದ ಸೀರೆ ತೋರಿಸಿ ಎಂದು ಕೇಳಿದರಂತೆ. ಅಂಗಡಿಯವನು ಸೀರೆ ತೆಗೆಯುವ ಮೊದಲು ಬಗ್ಗಿ ಆಕೆಯ ಹಿಂದೆ ಏನಾದರೂ ಬಂದಿದೆಯೇ ಎಂದು ನೋಡಿದನಂತೆ.

ಮಾವನವರ ತಿಥಿ

ಮಾರ್ಗಶಿರದಲ್ಲಿ ನಮ್ಮ ಮಾವನವರ ತಿಥಿ ಬಂತು. ತಿಥಿಯ ದಿನ ನಾಯಿ ಕಣ್ಣಿಗೆ ಬಿದ್ದರೆ ಇಟ್ಟ ಪಿಂಡ ಪಿತೃಗಳಿಗೆ ಸಲ್ಲುವುದಿಲ್ಲ ಎಂಬ ನಂಬಿಕೆ. ಅತ್ತೆಯವರು ಹಿಂದಿನ ದಿನವೇ ನನ್ನನ್ನು ಕರೆದು, ನಾಳೆ ಭೈರ ಈ ಕಾಂಪೌಂಡಿನಲ್ಲಿ ಕಂಡರೆ ನಾಡಿದ್ದು ಅವನು ಇಟ್ಟಮಡುವಿನಲ್ಲಿ ಎಂದು ಸ್ಪಷ್ಟವಾಗಿ ಹೇಳಿದರು. ಹಾಲಿನವನಿಗೂ ಹಗ್ಗ ಹಿಡಿದು ಬಾ ಎಂದು ಹೇಳಿಯಾಗಿತ್ತು. ನಾನು ಬೆಳಗಾಗುವ ಮೊದಲೇ ಭೈರನನ್ನು ಮೇಷ್ಟ್ರ ಮನೆಯ ಹಿತ್ತಲಿಗೆ ಕರೆದೊಯ್ದು ಸೀಬೆ ಮರಕ್ಕೆ ಕಟ್ಟಿ, ಇವತ್ತೊಂದು ದಿನ ನನ್ನ ಮಾನ ಕಾಪಾಡಪ್ಪ ಎಂದು ಬೇಡಿಕೊಂಡು ಬಂದೆ.

ಕಾರ್ಯ ಚೆನ್ನಾಗಿಯೇ ನಡೆಯಿತು. ಬ್ರಾಹ್ಮಣರ ಊಟವಾಯಿತು, ಪಿಂಡಪ್ರದಾನವಾಯಿತು. ಕಾಗೆಗೆಂದು ತೆಗೆದ ಪಿಂಡವನ್ನು ನಮ್ಮನೆಯವರು ಹಿತ್ತಲ ಕಟ್ಟೆಯ ಮೇಲೆ ಇಟ್ಟು ಕಾ, ಕಾ ಎಂದು ಕರೆದರು. ಕಾಗೆಯ ರೂಪದಲ್ಲಿ ಬರುವ ಹಿರಿಯರು ಅದನ್ನು ಮುಟ್ಟಿದ ಮೇಲೆಯೇ ಮನೆಯವರ ಊಟ.

ಕಾಗೆ ಬರಲಿಲ್ಲ. ದೂರದ ಕರೆಂಟು ಕಂಬದ ಮೇಲೆ ಸಾಲಾಗಿ ಕುಳಿತಿದ್ದವು, ನಮ್ಮ ಹಿತ್ತಲ ಕಡೆ ತಲೆ ಓರೆ ಮಾಡಿ ನೋಡುತ್ತಿದ್ದವು. ಇಳಿಯಲಿಲ್ಲ. ಹೇಗೆ ಇಳಿದಾವು? ಹಾರುವುದೇನು ಕಂಡರೂ ನೆಗೆದು ಹಿಡಿಯುವ ಪ್ರಾಣಿಯೊಂದು ಆ ಹಿತ್ತಲಲ್ಲಿದೆ ಎಂದು ಇಡೀ ಜಯನಗರದ ಕಾಗೆಗಳಿಗೆ ಗೊತ್ತಿತ್ತು. ನನಗೆ ಅದು ಆಗ ಹೊಳೆಯಿತು, ಬಾಯಿಬಿಡಲಿಲ್ಲ. ನಮ್ಮನೆಯವರು ಒದ್ದೆ ಪಂಚೆಯಲ್ಲಿ ಮಹಡಿ ಹತ್ತಿ ಕರೆದರು. ಗಂಟಲು ಕಟ್ಟಿತು. ಪುರೋಹಿತರೂ ಸೇರಿಕೊಂಡರು. ಬಿಸಿಲು ಇಳಿಯುತ್ತಾ ಬಂತು. ಅತ್ತೆಯವರು ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ಕಟ್ಟೆಯ ಪಕ್ಕ ನಿಂತೇ ಇದ್ದರು. ಅವರ ಮುಖ ಬಾಡಿಹೋಗಿತ್ತು.

"ನನ್ನ ಮೇಲೇ ಏನೋ ಕೋಪ ಅವರಿಗೆ" ಎಂದರು ಮೆಲ್ಲಗೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾನು ಮನಸ್ಸಿನಲ್ಲೇ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಆಗ ಕಂಬದಿಂದ ಒಂದು ಕಾಗೆ ಹೊರಟಿತು. ಹಿತ್ತಲ ಗೋಡೆಯವರೆಗೆ ಬಂತು, ಅನುಮಾನಿಸಿ ತಿರುಗಿತು. ಗೋಡೆಯ ಆಚೆಯಿಂದ ಕರ್ರಗಿನದೊಂದು ಮೇಲೆದ್ದದ್ದು ಕಂಡಿತು, ಕಾಗೆ ಕಾಣಲಿಲ್ಲ. ಮರುಕ್ಷಣ ಗೇಟಿನ ಸಂದಿಯಿಂದ ಭೈರ ಒಳಗೆ ಬಂದ. ಕತ್ತಿನಲ್ಲಿ ಅಗಿದು ತುಂಡಾದ ಹಗ್ಗ. ಬಾಯಲ್ಲಿ ಕಾಗೆ. ನೆಟ್ಟಗೆ ನಡೆದು ಬಂದು ಅದನ್ನು ಅತ್ತೆಯವರ ಕಾಲ ಬುಡದಲ್ಲಿ ಮೆಲ್ಲಗೆ ಇಟ್ಟು, ತೀರ್ಪಿಗೆ ಕಾಯುತ್ತಾ ಕುಳಿತ.

ಕಾಗೆ ಒಂದು ಗಳಿಗೆ ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಆಮೇಲೆ ಎದ್ದು ಮೈ ಕೊಡವಿತು. ಒಂದು ಪುಕ್ಕವೂ ಕೆಟ್ಟಿರಲಿಲ್ಲ. ಭೈರನನ್ನು ನೋಡಿತು, ಪಿಂಡವನ್ನು ನೋಡಿತು. ಹೇಗೂ ಬಂದಾಯಿತು ಎನ್ನುವ ಹಾಗೆ ಕಟ್ಟೆಯ ಮೇಲೆ ಕುಪ್ಪಳಿಸಿ, ಹೊಟ್ಟೆ ತುಂಬ ತಿಂದು, ನಮ್ಮೆಲ್ಲರನ್ನೂ ಬೈಯುತ್ತಾ ಹಾರಿಹೋಯಿತು.

ನಮ್ಮನೆಯವರು ಪುರೋಹಿತರ ಮುಖ ನೋಡಿದರು. ಕಾಗೆ ಮುಟ್ಟಿತೋ ಇಲ್ಲವೋ, ಮುಟ್ಟಿತು, ಹೇಗೆ ಬಂತು ಎಂದು ಶಾಸ್ತ್ರ ಕೇಳುವುದಿಲ್ಲ, ಎಲೆ ಹಾಕಿಸಿ ಎಂದು ಪುರೋಹಿತರು ಹೆಗಲ ಮೇಲಿನ ಬಟ್ಟೆ ಸರಿಮಾಡಿಕೊಂಡರು. ನಾನು ಮಾತ್ರ ಅತ್ತೆಯವರನ್ನೇ ನೋಡುತ್ತಿದ್ದೆ. ಬೆಳಗಾದರೆ ಹಾಲಿನವನು ಹಗ್ಗ ತರುತ್ತಾನೆ. ಅತ್ತೆಯವರು ಭೈರನನ್ನು ಬಹಳ ಹೊತ್ತು ದಿಟ್ಟಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ತುಟಿಯಂಚಿನಲ್ಲಿ ನಗು ಬಂದದ್ದು ನನಗೆ ಮೊದಲು ನಂಬಿಕೆಯಾಗಲಿಲ್ಲ.

"ನಿನ್ನ ಮಾವನೋರು ಬದುಕಿದ್ದಾಗ್ಲೂ ಹೀಗೇ ಕಣೆ. ಎಷ್ಟು ಕರೆದ್ರೂ ಊಟಕ್ಕೆ ಏಳ್ತಿರ್ಲಿಲ್ಲ, ಪಕ್ಕದ್ಮನೆ ಜಗಲೀಲಿ ಚದುರಂಗ ಆಡ್ಕೊಂಡು ಕೂತಿರೋರು. ನಾನೇ ಹೋಗಿ ಎಳ್ಕೊಂಡ್ ಬರ್ಬೇಕಾಗಿತ್ತು. ನನಗೂ ವಯಸ್ಸಾಯ್ತು. ಇನ್ಮೇಲೆ ಆ ಕೆಲಸಕ್ಕೆ ಇವನೇ ಇರ್ಲಿ ಬಿಡು."

ಇಷ್ಟು ಹೊತ್ತು ಕುಳಿತು ಓದಿದ, ಕೇಳಿದ ನಿಮಗೆಲ್ಲ ಬನಶಂಕರಿ ಅಮ್ಮ ಹೊತ್ತಿಗೆ ಸರಿಯಾಗಿ ಅನ್ನ ಕೊಡಲಿ, ಆ ಅನ್ನಕ್ಕೆ ಕರೆದರೆ ಏಳುವ ಮನೆಯವರನ್ನು ಕೊಡಲಿ, ಬಾಗಿಲಲ್ಲಿ ಕಾಯುವ ಒಂದು ಪ್ರೀತಿಯ ಜೀವವನ್ನು ಕೊಡಲಿ. ಸರ್ವರಿಗೂ ಮಂಗಳವಾಗಲಿ.